ನೋಡಿದ್ದಕ್ಕೆ ಸಾಕ್ಷಿ ಯಾರು?

41ನೇ ವಯಸ್ಸಿನಲ್ಲಿ ಫೇಲಾಗುವುದು 16ರಲ್ಲಿ ಫೇಲಾದ ಹಾಗಲ್ಲ. ಆಗ ಬೈಯಲಿಕ್ಕೆ ಅಪ್ಪ ಇದ್ದರು, ಜೊತೆಗೆ ಅಳಲಿಕ್ಕೆ ಗೆಳತಿಯರಿದ್ದರು. ಈಗ ಡ್ರೈವಿಂಗ್ ಟೆಸ್ಟ್ ಫೇಲಾಗಿ ಮನೆಗೆ ಬಂದರೆ ಮಗಳು ಹೋಂವರ್ಕಿನಿಂದ ತಲೆಯೆತ್ತಿ, "ಎಲ್ಲಿ ಮಾರ್ಕ್ಸ್ ಹೋಯ್ತು? ಸರಿಯಾಗಿ ಓದಿಕೊಂಡಿರಲಿಲ್ವಾ?" ಎಂದು ನನ್ನದೇ ದನಿಯಲ್ಲಿ ಕೇಳುತ್ತಾಳೆ.

ಎರಡು ಸಲ ಫೇಲಾದೆ. ತಪ್ಪು ನನ್ನದಲ್ಲ ಅಂತ ಎರಡು ಸಲವೂ ಯಾರ ಮುಂದೆ ಬೇಕಾದರೂ ಆಣೆ ಮಾಡಲು ತಯಾರಿದ್ದೆ. ಈಗ ಮೊದಲನೆಯದರ ಬಗ್ಗೆ ಅರ್ಧ ಆಣೆ ಮಾತ್ರ ಮಾಡಬಲ್ಲೆ.

ಮೊದಲ ಟೆಸ್ಟಿನ ದಿನ ನಾನು ಚೆನ್ನಾಗಿಯೇ ಓಡಿಸಿದೆ. ಇದನ್ನು ಹೇಳಿಕೊಳ್ಳಲು ನಾಚಿಕೆಯಿಲ್ಲ. ಸೀಟು ಮುಂದಕ್ಕೆಳೆದೆ, ಬೆಲ್ಟ್ ಹಾಕಿದೆ, ಗೇರ್ ನ್ಯೂಟ್ರಲ್‌ನಲ್ಲಿದೆಯಾ ಅಂತ ಅಲ್ಲಾಡಿಸಿ ನೋಡಿದೆ. ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿಸುವುದು ನನಗೆ ಕನಸಿನಲ್ಲೂ ಬೆವರು ತರಿಸುತ್ತಿದ್ದ ವಿಷಯ. ಅಲ್ಲೂ ಹಾಫ್ ಕ್ಲಚ್‌ನಲ್ಲಿ ಗಾಡಿಯ ಮೂತಿ ಚೂರೇ ಎದ್ದ ಗಳಿಗೆಗೆ ಸರಿಯಾಗಿ ಹ್ಯಾಂಡ್‌ಬ್ರೇಕ್ ಇಳಿಸಿದೆ, ಒಂದು ಅಂಗುಲವೂ ಹಿಂದೆ ಜಾರಲಿಲ್ಲ. ಕೋನ್‌ಗಳ ನಡುವೆ ರಿವರ್ಸ್ ಹಾಕಿ ನಿಲ್ಲಿಸಿದೆ. ಪಕ್ಕದಲ್ಲಿ ಕೂತಿದ್ದ ಅಧಿಕಾರಿ ಮಾತಾಡುವವರಲ್ಲ. "ಎಡಕ್ಕೆ", "ಬಲಕ್ಕೆ", "ನೇರ", ಇಷ್ಟರಲ್ಲೇ ಇಡೀ ಟೆಸ್ಟ್ ಮುಗಿಸಿದರು. ತೊಡೆಯ ಮೇಲಿನ ಹಾಳೆಯಲ್ಲಿ ಆಗಾಗ ಪೆನ್ನು ಗೀಚುವ ಸದ್ದು ಬರುತ್ತಿತ್ತು. ಹೊಗಳಿ ಬರೆಯುತ್ತಿದ್ದಾರೆ ಎಂದುಕೊಂಡೆ.

ಗಾಡಿ ನಿಲ್ಲಿಸಿದ ಮೇಲೆ ಹಾಳೆ ನನ್ನ ಕೈಗೆ ಬಂತು. ಕನ್ನಡಿ ನೋಡುವುದಿಲ್ಲ. ಕೂಡುರಸ್ತೆಯಲ್ಲಿ ಅಕ್ಕಪಕ್ಕ ನೋಡದೆ ಹೊರಟಿದ್ದು. ಫೇಲ್.

"ಸರ್, ನಾನು ನೋಡಿದೆ."

"ಇಲ್ಲ ಮೇಡಂ, ನೋಡಲಿಲ್ಲ."

"ನನ್ನ ಹಿಂದೆ ಒಂದು ಬಿಳಿ ವ್ಯಾನ್ ಬರ್ತಿತ್ತು ಸರ್. ಅದರ ಒಂದು ಹೆಡ್‌ಲೈಟ್ ಒಡೆದಿತ್ತು. ಟೇಪ್ ಅಂಟಿಸಿದ್ರು."

ಅವರು ಪೆನ್ನಿನ ಕ್ಯಾಪ್ ಹಾಕುತ್ತಿದ್ದವರು ನಿಲ್ಲಿಸಿದರು. ಹಿಂದಿನ ಗಾಜಿನ ಕಡೆ ಒಮ್ಮೆ ತಿರುಗಿದರು. ವ್ಯಾನ್ ಎಂದೋ ಹೊರಟುಹೋಗಿತ್ತು. "ಇರಬಹುದು. ಆದರೆ ನೀವು ನೋಡಿದ್ದು ನನಗೆ ಕಾಣಲಿಲ್ಲ" ಎಂದರು. ಕ್ಯಾಪ್ ಹಾಕಿ ಇಳಿದರು.

ನೋಡಿದ್ದು ಕಾಣಲಿಲ್ಲವಂತೆ! ಮನೆಗೆ ಹೋಗುವ ದಾರಿಯುದ್ದಕ್ಕೂ ಈ ಮಾತನ್ನು ಅಗಿದೆ. ನೋಟ ಎನ್ನುವುದು ಕಣ್ಣಿನ ಒಳಗಿನ ವ್ಯವಹಾರ. ಉಂಡದ್ದಕ್ಕೆ ಎಂಜಲು ಕೈ ತೋರಿಸಬಹುದು, ನೋಡಿದ್ದಕ್ಕೆ ಏನು ತೋರಿಸಲಿ?

ಗಾಯಕ್ಕೆ ಉಪ್ಪು ಎರಚಿದವನು ಬೆಂಚಿನ ಮೇಲೆ ನನ್ನ ಪಕ್ಕ ಕಾಯುತ್ತಿದ್ದ ಹುಡುಗ. ನನ್ನ ನಂತರ ಅವನ ಸರದಿ. ನಾವೆಲ್ಲ ನೋಡುತ್ತಿದ್ದಂತೆಯೇ ಗೇಟಿನ ಬಳಿ ಗಾಡಿ ಆಫ್ ಮಾಡಿದ. ಮತ್ತೆ ಸ್ಟಾರ್ಟ್ ಮಾಡಿ, ಕಪ್ಪೆ ಹಾರಿದ ಹಾಗೆ ಎರಡು ಜಿಗಿತ ಜಿಗಿಸಿ, ಮತ್ತೆ ಆಫ್ ಮಾಡಿದ. ಪಾಪ ಎಂದುಕೊಂಡೆ. ಅರ್ಧ ಗಂಟೆಯ ಮೇಲೆ ಪಾಸಾಗಿ ಬಂದ! "ಆಫ್ ಆದ್ರೆ ಏನಾಗಲ್ಲ ಆಂಟಿ, ಹ್ಯಾಂಡ್‌ಬ್ರೇಕ್ ಎಳೆದು ನಿಧಾನಕ್ಕೆ ಸ್ಟಾರ್ಟ್ ಮಾಡಿದ್ರೆ ಸಾಕು" ಎಂದು ನನಗೇ ಪಾಠ ಹೇಳಿದ. ಆಂಟಿ ಎಂದದ್ದು ಬೇರೆ.

ಅವನು ಹೇಳಿದ್ದು ನಿಜ ಅಂತ ಆಮೇಲೆ ಗೊತ್ತಾಯಿತು. ಹೊಟ್ಟೆಯುರಿಗೆ ರಾತ್ರಿಯೆಲ್ಲ ಕೂತು ಊರೂರಿನ ಟೆಸ್ಟುಗಳ ಬಗ್ಗೆ ಓದಿದೆ. ಬ್ರಿಟನ್ನಿನಲ್ಲಿ ಈ ಟೆಸ್ಟ್ ಕಡ್ಡಾಯವಾದದ್ದು 1935ರಲ್ಲಿ. ಈಗ ಅಲ್ಲಿ 15ರವರೆಗೂ ಸಣ್ಣ ತಪ್ಪುಗಳಿಗೆ ಮಾಫಿಯಿದೆ, ಆದರೆ ಗಂಭೀರ ಎನ್ನಿಸಿದ ಒಂದೇ ತಪ್ಪಿಗೆ ಕತೆ ಮುಗಿಯುತ್ತದೆ. ಗಾಡಿ ಆಫ್ ಮಾಡಿಕೊಂಡು ಮರ್ಯಾದೆ ಕಳೆದುಕೊಳ್ಳುವುದು ಸಾಮಾನ್ಯವಾಗಿ ಸಣ್ಣದರ ಲೆಕ್ಕಕ್ಕೆ ಹೋಗುತ್ತದೆ, ಕೂಡುರಸ್ತೆಯಲ್ಲಿ ನೋಡದೆ ನುಗ್ಗುವುದು ದೊಡ್ಡದರ ಲೆಕ್ಕಕ್ಕೆ. ಹೆಚ್ಚುಕಡಿಮೆ ಅರ್ಧ ಜನ ಅಲ್ಲಿ ಫೇಲಾಗುತ್ತಾರೆ ಎಂದು ಓದಿದಾಗ ಸ್ವಲ್ಪ ಸಮಾಧಾನವಾಯಿತು. ಅನ್ಯಾಯವಾಯಿತೆಂದು ಅಲ್ಲಿ ಕೋರ್ಟಿಗೂ ಹೋಗಬಹುದಂತೆ. ಆದರೆ ಕೋರ್ಟು ನಿಮ್ಮ ಪರವಾಗಿ ಹೇಳಿದರೂ ಫೇಲು ಪಾಸಾಗುವುದಿಲ್ಲ. ಹೆಚ್ಚೆಂದರೆ ಇನ್ನೊಂದು ಟೆಸ್ಟ್ ಸಿಗುತ್ತದೆ. ಬಿದ್ದ ಬಾವಿಗೇ ಮತ್ತೊಮ್ಮೆ ಇಳಿಯುವ ಹಕ್ಕು.

ಅದೇ ರಾತ್ರಿ ಬರ್ತಾ ಬೆಂಜ್ ಮೇಲೆ ನನಗೆ ವಿಪರೀತ ಅಕ್ಕರೆ ಬಂತು. 1888ರ ಆಗಸ್ಟಿನಲ್ಲಿ ಗಂಡ ಕಾರ್ಲ್‌ಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಹತ್ತಿಸಿಕೊಂಡು, ಅವನು ಮಾಡಿದ ಮೂರು ಗಾಲಿಯ ಮೋಟಾರು ಗಾಡಿಯನ್ನು ಜರ್ಮನಿಯ ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ವರೆಗೆ ನೂರಕ್ಕೂ ಹೆಚ್ಚು ಕಿಲೋಮೀಟರ್ ಓಡಿಸಿದವಳು. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಚುಚ್ಚಿ ಬಿಡಿಸಿದಳು. ಇಂಧನ ಮುಗಿದಾಗ ಔಷಧಿ ಅಂಗಡಿಯಲ್ಲಿ ಕೊಂಡಳು. ಪಕ್ಕದಲ್ಲಿ ಹಾಳೆ ಹಿಡಿದುಕೊಂಡು ಯಾರೂ ಕೂತಿರಲಿಲ್ಲ. ಕೂತಿದ್ದರೆ ಅವಳೂ ಫೇಲೇ. ಆ ಗಾಡಿಗೆ ಕನ್ನಡಿಯೇ ಇರಲಿಲ್ಲವಲ್ಲ.

ಮರುದಿನ ಮೇಷ್ಟ್ರ ಹತ್ತಿರ ಹೋಗಿ ಕಾರಿಕೊಂಡೆ. ನಮ್ಮ ಡ್ರೈವಿಂಗ್ ಮೇಷ್ಟ್ರಿಗೆ 60 ದಾಟಿದೆ. ಶಿಷ್ಯರು ಗಾಡಿಯನ್ನು ಗೋಡೆಗೆ ತಾಗಿಸಿದರೂ "ಆಯ್ತು, ಗೋಡೆ ಗಟ್ಟಿಯಿದೆ" ಎನ್ನುವ ಮನುಷ್ಯ. ಎಲ್ಲ ಕೇಳಿಸಿಕೊಂಡು, "ಇವತ್ತು ನೀವು ಓಡಿಸೋದು ಬೇಡಮ್ಮ. ಈ ಕಡೆ ಕೂತ್ಕೊಳ್ಳಿ" ಎಂದು ತಮ್ಮ ಸೀಟಿನಲ್ಲಿ ಕೂರಿಸಿದರು. "ನಾನು ಕನ್ನಡಿ ಎಷ್ಟು ಸಲ ನೋಡ್ತೀನಿ ಎಣಿಸಿ."

ಒಂದು ಸುತ್ತು ಹಾಕಿ ಬಂದೆವು. ನಾನು ಅವರ ಮುಖವನ್ನೇ ಕಣ್ಣು ಕೀಲಿಸಿ ನೋಡಿದ್ದೆ. ರಸ್ತೆ ನೋಡಲೇ ಇಲ್ಲ.

"ಎಷ್ಟಾಯ್ತು?"

"ನಾಲ್ಕು."

"ಹನ್ನೊಂದು."

ಸುಳ್ಳು ಎಂದೆ. ನಕ್ಕರು. ಅವರದೂ ನನ್ನ ಹಾಗೇ ಕಣ್ಣುಗುಡ್ಡೆಯ ನೋಟ, ತಲೆ ಅಲುಗುವುದಿಲ್ಲ. ವರ್ಷಗಟ್ಟಲೆ ಓಡಿಸಿದವರ ನೋಟ ಹಾಗೇ ಆಗುತ್ತದಂತೆ. "ನನ್ನನ್ನೂ ಕೂರಿಸಿದ್ರೆ ಇವತ್ತು ಫೇಲ್ ಮಾಡ್ತಾರೆ. ಗೊತ್ತು ನಂಗೆ."

"ಮತ್ತೆ ನನಗೆ ಯಾಕೆ ಹೇಳಿಕೊಡಲಿಲ್ಲ ಮೇಷ್ಟ್ರೇ?"

"ನೀವು ನೋಡ್ತಿದ್ರಲ್ಲ. ನೋಡ್ತಿರೋರಿಗೆ ನೋಡಿ ಅಂತ ಹೇಗೆ ಹೇಳೋದು?"

ಇವರೊಬ್ಬರಾದರೂ ನಂಬಿದರಲ್ಲ ಅಂತ ಕಣ್ಣು ತುಂಬಿತು. ಆದರೆ ಅಂದಿನ ಪಾಠ ಅಲ್ಲಿಗೆ ಮುಗಿಯಲಿಲ್ಲ. ನನ್ನನ್ನು ಸ್ಟೇರಿಂಗ್ ಹಿಂದೆ ಕೂರಿಸಿ, ಗಾಡಿ ನಿಂತಲ್ಲೇ ಇರಲಿ ಎಂದು ಹೇಳಿ, ತಾವು ಇಳಿದು ಮೈದಾನದ ಆ ತುದಿಗೆ ನಡೆದರು. ಅಲ್ಲಿಂದ ಓರೆಯಾಗಿ ನನ್ನ ಕಡೆ ಬರತೊಡಗಿದರು. ತಲೆ ಅಲುಗಿಸಬಾರದು, ಬರೀ ಕಣ್ಣಿನಲ್ಲೇ ನೋಡಬೇಕು ಎಂದು ಮೊದಲೇ ಕಟ್ಟಪ್ಪಣೆ ಮಾಡಿದ್ದರು. ನಾಲ್ಕು ಹೆಜ್ಜೆ ಕಂಡರು. ಆಮೇಲೆ ಇಲ್ಲ. ಮುಂದಿನ ಗಾಜಿಗೂ ಬಾಗಿಲಿಗೂ ನಡುವೆ ಚಾವಣಿ ಹೊತ್ತುಕೊಂಡಿರುವ ಕಂಬವಿರುತ್ತದಲ್ಲ, ಅದರ ಹಿಂದೆ ಮೇಷ್ಟ್ರು ಮಾಯ. ಐದೂಕಾಲು ಅಡಿಯ, ಹೊಟ್ಟೆಯಿರುವ ಮನುಷ್ಯ! ಬಾನೆಟ್ ಮೇಲೆ ಕೈಯಿಂದ ದಬ್ ಎಂದು ಬಡಿಯುವವರೆಗೂ ಅವರು ನನಗೆ ಕಾಣಲಿಲ್ಲ.

"ಈಗ ತಲೆ ಒಂದು ಗೇಣು ಮುಂದೆ ತಗೊಂಡು ನೋಡಿ" ಎಂದು ಮತ್ತೆ ಮೊದಲಿನಿಂದ ನಡೆದು ಬಂದರು. ಈ ಸಲ ಪೂರ್ತಿ ಕಂಡರು, ಚಪ್ಪಲಿಯ ಸಮೇತ.

ಇದರ ಮರ್ಮ ಸುಲಭ. ನೀವು ಕೂಡುರಸ್ತೆಯತ್ತ ಹೋಗುತ್ತಿರುತ್ತೀರಿ, ಆ ಕಡೆಯಿಂದ ಒಂದು ಸೈಕಲ್ಲೋ ಬೈಕೋ ಬರುತ್ತಿರುತ್ತದೆ. ಇಬ್ಬರೂ ಒಂದೇ ಗಳಿಗೆಗೆ ಅದೇ ಜಾಗ ತಲುಪುವ ಲೆಕ್ಕದಲ್ಲಿದ್ದರೆ, ನಿಮ್ಮ ಕಣ್ಣಿಗೆ ಅದು ದಾರಿಯುದ್ದಕ್ಕೂ ಒಂದೇ ದಿಕ್ಕಿನಲ್ಲಿರುತ್ತದೆ. ಅಂದರೆ ಒಮ್ಮೆ ಕಂಬದ ಹಿಂದೆ ಸಿಕ್ಕಿಕೊಂಡದ್ದು ಡಿಕ್ಕಿಯವರೆಗೂ ಕಂಬದ ಹಿಂದೆಯೇ ಇದ್ದುಬಿಡಬಹುದು. ಗಂಟೆಗೆ 40 ಕಿಲೋಮೀಟರ್ ಎಂದರೆ ಸೆಕೆಂಡಿಗೆ 11 ಮೀಟರ್. ಮಾಯವಾಗಿ ಪ್ರತ್ಯಕ್ಷವಾಗಲು ಎಷ್ಟು ಹೊತ್ತು ಬೇಕು?

ಆ ರಾತ್ರಿ ಓದಿದ್ದು ಇನ್ನೂ ವಿಚಿತ್ರ. ಕಣ್ಣು ಒಂದು ಕಡೆಯಿಂದ ಇನ್ನೊಂದು ಕಡೆಗೆ ಜಿಗಿಯುವ ಆ ಚೂರು ಹೊತ್ತಿನಲ್ಲಿ ಮಿದುಳು ನೋಟವನ್ನು ಅದುಮಿಡುತ್ತದೆ, ಆ ನಡುವಿನ ಖಾಲಿ ನಮಗೆ ಗೊತ್ತಾಗುವುದೂ ಇಲ್ಲ. ನಂಬದೆ ಬಚ್ಚಲುಮನೆಯ ಕನ್ನಡಿಯ ಮುಂದೆ ನಿಂತು ಎಡಗಣ್ಣು, ಬಲಗಣ್ಣು, ಎಡಗಣ್ಣು ಎಂದು ನೋಡಿಕೊಂಡೆ. ನನ್ನ ಕಣ್ಣು ಅಲುಗುವುದು ನನಗೆ ಒಮ್ಮೆಯೂ ಕಾಣಲಿಲ್ಲ. ಇವರನ್ನು ಕರೆದು, "ಸ್ವಲ್ಪ ನೋಡ್ರೀ, ನನ್ನ ಕಣ್ಣು ಅಲುಗ್ತಿದೆಯಾ?" ಎಂದೆ. ಅಲುಗುತ್ತಿದೆ ಎಂದರು. ರಾತ್ರಿ ಹನ್ನೊಂದೂವರೆಗೆ ಹೆಂಡತಿ ಇಂಥದ್ದನ್ನು ಕೇಳಿದರೆ ಬೇರೆ ಗಂಡಂದಿರು ಏನೆನ್ನುತ್ತಿದ್ದರೋ, ಇವರು ಹೋಗಿ ಮಲಗಿದರು.

ಹಾಗಾಗಿ ಕೂಡುರಸ್ತೆಯ ವಿಷಯದಲ್ಲಿ ನನ್ನ ಅರ್ಧ ಆಣೆಯನ್ನು ವಾಪಸು ತೆಗೆದುಕೊಂಡಿದ್ದೇನೆ. ಅಂದು ನಾನು ನೋಡಿದ್ದು ನಿಜ. ಆದರೆ ಆ ನೋಟದಲ್ಲಿ ಒಬ್ಬ ಮೇಷ್ಟ್ರು ಹಿಡಿಸುವಷ್ಟು ತೂತಿತ್ತು. ಕನ್ನಡಿಯ ವಿಷಯದಲ್ಲಿ ಮಾತ್ರ ಪಟ್ಟು ಸಡಿಲಿಸಿಲ್ಲ. ವ್ಯಾನಿನ ಹೆಡ್‌ಲೈಟಿಗೆ ಅಂಟಿಸಿದ್ದ ಟೇಪು ಕಂದು ಬಣ್ಣದ್ದು. ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ದೂರು ಕೊಟ್ಟದ್ದನ್ನೂ ಹೇಳಿಬಿಡುತ್ತೇನೆ, ಹೇಳುವಂಥದ್ದು ಹೆಚ್ಚೇನಿಲ್ಲ. ಎರಡು ಪುಟ ಬರೆದೆ, ವ್ಯಾನಿನ ವರ್ಣನೆಯ ಸಮೇತ. ಮೂರು ಸಾಲಿನ ಉತ್ತರ ಬಂತು. ಪರೀಕ್ಷಕರ ತೀರ್ಮಾನವೇ ಅಂತಿಮ, ಮರುಪರೀಕ್ಷೆಗೆ ಹಾಜರಾಗಬಹುದು.

ಎರಡನೆಯ ಟೆಸ್ಟಿಗೆ ಬೇರೆ ಅಧಿಕಾರಿ. ಮಾತುಗಾರರು, ಬಂದ ತಕ್ಷಣ "ಗಾಬರಿ ಬೇಡ ಮೇಡಂ" ಎಂದರು. ಗಾಬರಿಯಾಯಿತು. ಆದರೆ ಕತ್ತು ತಿರುಗಿಸುವುದನ್ನು ಮರೆಯಲಿಲ್ಲ. ಗದ್ದ ಭುಜಕ್ಕೆ ತಾಗುವಷ್ಟು ತಿರುಗಿಸಿದೆ. ಏರು, ರಿವರ್ಸ್ ಎಲ್ಲ ಮುಗಿದು, ವಾಪಸು ಹೋಗುವ ದಾರಿಯಲ್ಲಿ ಝೀಬ್ರಾ ಕ್ರಾಸಿಂಗ್ ಬಂತು. ರಸ್ತೆಯಂಚಿನಲ್ಲಿ ಕೊಡೆ ಹಿಡಿದು ಒಬ್ಬ ಅಜ್ಜ ನಿಂತಿದ್ದರು.

ನಿಲ್ಲಿಸಿದೆ. ಪಟ್ಟಿಗಿಂತ ಹಿಂದೆಯೇ, ಚೊಕ್ಕವಾಗಿ. ಅಜ್ಜ ದಾಟಲಿಲ್ಲ. ನನ್ನನ್ನು ನೋಡಿದರು, ಎಲ್ ಬೋರ್ಡ್ ನೋಡಿದರು, ಕೊಡೆಯಿಲ್ಲದ ಕೈ ಬೀಸಿ "ಹೋಗಮ್ಮ, ಹೋಗು" ಎನ್ನುವ ಹಾಗೆ ಸನ್ನೆ ಮಾಡಿದರು. ನಾನು ಅಲುಗಲಿಲ್ಲ. ಅವರೂ ಅಲುಗಲಿಲ್ಲ. ಮತ್ತೆ ಬೀಸಿದರು, ಈ ಸಲ ಸ್ವಲ್ಪ ಸಿಟ್ಟಿನಿಂದ. ಹಿಂದಿನವನು ಹಾರ್ನ್ ಹೊಡೆದ. ಸುಮ್ಮನೆ ನಿಂತುಕೊಂಡರೆ ವಿನಾಕಾರಣ ತಡ ಎಂದು ಅದಕ್ಕೂ ಗೀಟು ಬೀಳುತ್ತದೆ, ಮೇಷ್ಟ್ರು ಹೇಳಿದ್ದರು. ಫಸ್ಟ್ ಗೇರ್ ಹಾಕಿ, ಎರಡೂ ಕಡೆ ಕತ್ತು ತಿರುಗಿಸಿ, ಕ್ಲಚ್ ಬಿಡತೊಡಗಿದೆ. ಗಾಡಿ ಒಂದು ಮಾರು ಸರಿದಿತ್ತೋ ಇಲ್ಲವೋ, ಅಜ್ಜನಿಗೆ ಅದೇನು ಹೊಳೆಯಿತೋ, ಕೊಡೆ ಮುಂದೆ ಮಾಡಿ ರಸ್ತೆಗೆ ಕಾಲಿಟ್ಟರು.

ಗಾಡಿ ನಿಂತಿತು.

ಅಜ್ಜನಿಗೂ ಬಂಪರಿಗೂ ನಡುವೆ ಇನ್ನೊಂದು ಕಾರು ಹಿಡಿಸುವಷ್ಟು ಜಾಗವಿತ್ತು. ಅವರು ನಮ್ಮ ಕಡೆ ತಿರುಗಿಯೂ ನೋಡದೆ ದಾಟಿ ಹೋದರು. ಅಧಿಕಾರಿ ಮಾತ್ರ ಆಮೇಲೆ ಮಾತಾಡಲಿಲ್ಲ. ಮಾತುಗಾರರು ಸುಮ್ಮನಾದರೆ ಫಲಿತಾಂಶ ಹಾಳೆಯಲ್ಲಿ ಓದಬೇಕಾಗಿಲ್ಲ.

"ನಾನು ಬ್ರೇಕ್ ಹಾಕಬೇಕಾಯ್ತು ಮೇಡಂ. ನಮ್ಮ ಕಾಲು ಬ್ರೇಕಿಗೆ ಹೋಯ್ತು ಅಂದ್ರೆ ಮುಗೀತು."

"ನಾನೂ ಹಾಕಿದೆ ಸರ್."

"ನಾನು ಮೊದಲು ಹಾಕಿದ್ದು."

"ಅವರೇ ತಾನೇ ಸರ್ ಹೋಗು ಅಂತ ಕೈ ಬೀಸಿದ್ದು?"

"ಕೈ ಬೀಸೋರೆಲ್ಲ ಸಿಗ್ನಲ್ ಅಲ್ಲ. ನಾಳೆ ಇನ್ನೊಬ್ಬರು ಬೀಸ್ತಾರೆ, ಪಕ್ಕದಿಂದ ಬರೋ ಬೈಕನ್ನು ಅವರು ನೋಡಿರಲ್ಲ."

ಈ ಮಾತಿನಲ್ಲಿ ತಪ್ಪಿಲ್ಲ. ಹಾಗಾದರೆ ಅಜ್ಜ ಸಂಜೆಯವರೆಗೂ ನಿಂತಿದ್ದರೆ ನಾನೂ ನಿಂತಿರಬೇಕಿತ್ತೇ ಎಂದು ಕೇಳಿದೆ. ಅವರು ಹೌದು ಅನ್ನಲಿಲ್ಲ, ಇಲ್ಲ ಅನ್ನಲೂ ಇಲ್ಲ. ಸಹಿ ಹಾಕಿ ಕೊಟ್ಟರು.

ನನ್ನನ್ನು ಬಹಳ ದಿನ ಕೊರೆದದ್ದು ಅಜ್ಜನಲ್ಲ, ಆ ಬ್ರೇಕು. ಕಲಿಸುವ ಗಾಡಿಯಲ್ಲಿ ಪಕ್ಕದವರ ಕಾಲಡಿಯೂ ಒಂದು ಬ್ರೇಕ್ ಇರುತ್ತದೆ. ಅದನ್ನು ನಮ್ಮ ಪೆಡಲಿಗೆ ಜೋಡಿಸಿರುತ್ತಾರೆ. ನಮ್ಮ ಗಾಡಿಯಲ್ಲಿ ಅವರು ಒತ್ತಿದರೆ ನಮ್ಮ ಪೆಡಲೂ ಇಳಿಯುತ್ತದೆ. ಅಜ್ಜ ಕಾಲಿಟ್ಟ ಗಳಿಗೆಯಲ್ಲಿ ನನ್ನ ಕಾಲು ಬ್ರೇಕಿನ ಮೇಲಿತ್ತು, ಪೆಡಲ್ ಕೆಳಗೆ ಹೋಯಿತು. ಇಷ್ಟು ನಿಜ. ನಾನು ಒತ್ತಿದ್ದರಿಂದ ಹೋಯಿತೋ, ಅವರು ಒತ್ತಿದ್ದರಿಂದ ಹೋದ ಪೆಡಲಿನ ಹಿಂದೆ ನನ್ನ ಕಾಲು ಹೋಯಿತೋ? ದೂರು ಬರೆಯಲು ಕೂತೆ. "ನಾನೇ ಮೊದಲು ಬ್ರೇಕ್ ಹಾಕಿದ್ದೇನೆ" ಎಂದು ಬರೆದು, ಹೊಡೆದುಹಾಕಿದೆ. ಮತ್ತೆ ಬರೆದೆ. ಮೊದಲ ಸಲ ನನ್ನ ಕಣ್ಣಿನ ವಿಷಯ ಅವರಿಗೆ ಗೊತ್ತಿರಲಿಲ್ಲ. ಈ ಸಲ ನನ್ನ ಕಾಲಿನ ವಿಷಯ ನನಗೇ ಗೊತ್ತಿಲ್ಲ. ಹಾಳೆ ಮಡಚಿ ಮಗಳ ರಫ್ ಪುಸ್ತಕದೊಳಗೆ ಇಟ್ಟೆ. ಅವಳು ಹಿಂಬದಿಯಲ್ಲಿ ಲೆಕ್ಕ ಮಾಡಿದಳು.

ಆದರೂ ಹೇಳುತ್ತೇನೆ, ಅದು ಅನ್ಯಾಯವೇ. ಯಾರು ಮಾಡಿದ ಅನ್ಯಾಯ ಎಂದರೆ ಬೆರಳು ತೋರಿಸಲು ಬರುವುದಿಲ್ಲ, ಅಷ್ಟೆ. ಅಧಿಕಾರಿಯ ಜಾಗದಲ್ಲಿ ನಾನಿದ್ದರೂ ಬ್ರೇಕ್ ಒತ್ತುತ್ತಿದ್ದೆ. ನನ್ನ ಜಾಗದಲ್ಲಿ ಅವರಿದ್ದಿದ್ದರೂ ಹಾರ್ನಿಗೆ ಹೊರಡುತ್ತಿದ್ದರು. ಅಜ್ಜನ ಜಾಗದಲ್ಲಿ ಯಾರಿದ್ದರೂ, ಎಲ್ ಬೋರ್ಡ್ ನೋಡಿದ ಮೇಲೆ, ಮೊದಲು ಇದು ತೊಲಗಲಿ ಎಂದೇ ಕೈ ಬೀಸುತ್ತಿದ್ದರು.

ಮೂರನೆಯ ಸಲಕ್ಕೆ ಹುಮ್ಮಸ್ಸಿರಲಿಲ್ಲ. ಹಿಂದಿನ ರಾತ್ರಿ ನಿದ್ದೆಯೂ ಬಂದಿರಲಿಲ್ಲ. ಮೊದಲನೆಯ ಅಧಿಕಾರಿಯೇ ಮತ್ತೆ ಬಂದು ಪಕ್ಕದಲ್ಲಿ ಕೂತಾಗ ಇನ್ನು ಇವತ್ತಿನದೂ ಆಯಿತು ಎಂದುಕೊಂಡೆ. ಅವರಿಗೆ ನನ್ನ ನೆನಪಿರಲಿಲ್ಲ. ವ್ಯಾನ್ ನೆನಪಿದೆಯಾ ಎಂದು ಕೇಳುವ ಆಸೆಯನ್ನು ನುಂಗಿಕೊಂಡೆ.

ಅವತ್ತು ನಾನು ಓಡಿಸಿದ್ದನ್ನು ಓಡಿಸುವುದು ಎನ್ನಲಾರೆ. ಗೇಟಿನಲ್ಲೇ ಗಾಡಿ ಆಫ್ ಆಯಿತು. ಕಪ್ಪೆ ಹುಡುಗನ ಉಪದೇಶ ನೆನಪಾಗಿ ಹ್ಯಾಂಡ್‌ಬ್ರೇಕ್ ಎಳೆದು, ಉಸಿರು ಬಿಟ್ಟು, ಮತ್ತೆ ಸ್ಟಾರ್ಟ್ ಮಾಡಿದೆ. ಏರಿನಲ್ಲಿ ಇಂಜಿನ್ ಕಿರುಚಿಕೊಂಡಿತು. ರಿವರ್ಸ್‌ನಲ್ಲಿ ಗಾಡಿ ಸೊಟ್ಟಗೆ ನಿಂತಿತು, ತೆಗೆದು ಇನ್ನೊಮ್ಮೆ ಹಾಕಿದೆ. ಈ ಎಲ್ಲದರ ನಡುವೆ ಒಂದನ್ನು ಮಾತ್ರ ಬಿಡಲಿಲ್ಲ. ಒಳಗನ್ನಡಿಗೆ ಒಂದು ಗೋಣು, ಎಡಗನ್ನಡಿಗೆ ಒಂದು ಗೋಣು, ಬಲಗನ್ನಡಿಗೆ ಒಂದು ಗೋಣು. ಗೇರ್ ಬದಲಿಸುವ ಮುಂಚೆ, ಬ್ರೇಕಿನ ಮುಂಚೆ, ಇಂಡಿಕೇಟರಿನ ಮುಂಚೆ, ಏನೂ ಇಲ್ಲದಾಗಲೂ. ಜಾತ್ರೆಯ ಕೋಲೆಬಸವನಿಗೂ ಅಷ್ಟು ತಲೆಯಾಡಿಸಿ ಅಭ್ಯಾಸವಿರಲಿಕ್ಕಿಲ್ಲ. ಝೀಬ್ರಾ ಕ್ರಾಸಿಂಗ್ ಹತ್ತಿರ ದೇವರ ದಯೆಯಿಂದ ಯಾರೂ ಇರಲಿಲ್ಲ. ಕೊಡೆ ಕೂಡ ಇರಲಿಲ್ಲ.

ನಿಲ್ಲಿಸಿದೆ. ಪೆನ್ನು ಕೊನೆಯ ಸಲ ಗೀಚಿತು.

"ಪಾಸ್. ಕ್ಲಚ್ ಇನ್ನೂ ಸುಧಾರಿಸಬೇಕು" ಎಂದರು. ಇಳಿಯುವ ಮುಂಚೆ, ಕೇಳದೆಯೇ, ಒಂದು ಮಾತು ಸೇರಿಸಿದರು. "ಕನ್ನಡಿ ಚೆನ್ನಾಗಿ ನೋಡ್ತೀರಿ."

ನಾನು ತಲೆಯಾಡಿಸಿದೆ. ಅಷ್ಟರಲ್ಲಿ ಅದು ತಾನಾಗಿಯೇ ಆಡುತ್ತಿತ್ತು.

ಬೆಂಚಿನ ಮೇಲೆ ಕೂತು ನೀರು ಕುಡಿಯುತ್ತಿದ್ದಾಗ ಮೇಷ್ಟ್ರು ಗೇಟಿನ ಹೊರಗಿನಿಂದ ಸ್ಕೂಟರ್ ತಳ್ಳಿಕೊಂಡು ಬಂದರು. ಹೆಲ್ಮೆಟ್ ತೆಗೆದರೆ ಕೂದಲೆಲ್ಲ ಬೆವರಿಗೆ ಅಂಟಿಕೊಂಡಿತ್ತು. ಪಾಸಾಯಿತು ಎಂದು ಹಾಳೆ ತೋರಿಸಿದೆ.

"ಗೊತ್ತಾಯ್ತು ಬಿಡಿ. ನಿಮ್ಮ ಹಿಂದೆಯೇ ಬರ್ತಿದ್ನಲ್ಲ, ಪೂರ್ತಿ. ಎರಡು ಸಲ ಆಗಿದೆ, ಈ ಸಲ ಎಲ್ಲಿ ತಪ್ಪುತ್ತೆ ಕಣ್ಣಾರೆ ನೋಡೋಣ ಅಂತ." ಹೆಲ್ಮೆಟನ್ನು ಸ್ಕೂಟರಿನ ಕನ್ನಡಿಗೆ ನೇತುಹಾಕಿದರು. "ಸಿಗ್ನಲ್ ಹತ್ರ ಕೈ ಕೂಡ ಮಾಡಿದೆ. ಕನ್ನಡಿಯಲ್ಲಿ ನೋಡಿದ್ರಿ ತಾನೇ?"

"ಹೂಂ ಮೇಷ್ಟ್ರೇ, ನೋಡಿದೆ" ಎಂದೆ.